ಪರದೇಶದಲ್ಲಿ ಅತಿಥಿಧರ್ಮ

ಸಮುದ್ರವನ್ನು ದಾಟುವುದೇ ಪಾತಕವೆಂದು ಎಣಿಸಲ್ಪಡುತ್ತಿದ್ದ ಕಾಲವೊಂದು ನಮ್ಮ ದೇಶದಲ್ಲಿತ್ತು. ೧೮೮೮ನೆಯ ಇಸವಿಯಲ್ಲಿ ಗಾಂಧಿಯವರು ಬ್ಯಾರಿಸ್ಟರ್ ಪರೀಕ್ಷೆಗೆಂದು ವಿಲಾಯತಿಗೆ ಹೊರಟು ನಿಂತಾಗ ಅವರ ಜಾತಿಯ ಹಿರಿಯರು ಮುಂಬಯಿಯಲ್ಲಿ ಸಭೆ ಸೇರಿ, ಆ ತರುಣನನ್ನು ಜಾತಿಯಿಂದ ಹೊರಗೆ ಹಾಕಿದುದಲ್ಲದೆ, ಅವನನ್ನು ಬೀಳ್ಕೊಡಲು ಬಂದರಿಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆಯ ದಂಡವನ್ನು ವಿಧಿಸಿದ ಸಂಗತಿಯನ್ನು ಅವರ ಆತ್ಮಕಥೆಯನ್ನು ಓದಿದವರೆಲ್ಲರೂ ಬಲ್ಲರು. ಇಂದು ಅಂತಹ ದಂಡವನ್ನು ವಸೂಲು ಮಾಡಹೊರಟರೆ ದೇವನಹಳ್ಳಿಯ ವಿಮಾನ ನಿಲ್ದಾಣವೊಂದರಿಂದಲೇ ಬೊಕ್ಕಸವು ತುಂಬಿ ತುಳುಕೀತು! ನಮ್ಮ ತರುಣರು ಅಮೇರಿಕೆಗೆ ಹೋಗುತ್ತಿದ್ದಾರೆ, ಅರಬ್ಬರ ನಾಡುಗಳಿಗೆ ಹೋಗುತ್ತಿದ್ದಾರೆ. ಈಚಿನ ವರ್ಷಗಳಲ್ಲಿ ಜರ್ಮನಿಗೂ ಹೆಚ್ಚುಹೆಚ್ಚಾಗಿ ಹೋಗುತ್ತಿದ್ದಾರೆ. ಕುಶಲ ಕೆಲಸಗಾರರಾದ ಭಾರತೀಯರಿಗೆ ವರ್ಷಕ್ಕೆ ಕೊಡುವ ಪ್ರವೇಶಪತ್ರಗಳ ಸಂಖ್ಯೆಯನ್ನು ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಜರ್ಮನ್ ಸರಕಾರವು ೨೦೨೪ನೆಯ ಅಕ್ಟೋಬರದಲ್ಲಿ ಸಾರಿತು. ಆ ದೇಶದ ಮೋಟಾರು ಮತ್ತು ಯಂತ್ರಗಳ ಉದ್ಯಮಕ್ಕೂ ನಮ್ಮ ಬೆಂಗಳೂರಿಗೂ ಇರುವ ನಂಟು ಹೊಸದಲ್ಲ. ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆಯನ್ನು ನಡೆಸಿದ ಸಂಸ್ಥೆಯು ೧೯೫೧ರಲ್ಲಿಯೇ ಸ್ಥಾಪಿತವಾದುದು.

ಹೀಗೆ ಹೋಗುವವರಿಗೆ ಪ್ರವೇಶಪತ್ರವನ್ನು ಹೇಗೆ ಪಡೆಯಬೇಕು, ತೆರಿಗೆಯನ್ನು ಹೇಗೆ ಕಟ್ಟಬೇಕು, ಮನೆಯನ್ನು ಬಾಡಿಗೆಗೆ ಹೇಗೆ ಹಿಡಿಯಬೇಕು ಎಂಬುದನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಪರದೇಶದವನೊಬ್ಬನು 'ಶನಿವಾರ ಸಾಯಂಕಾಲ ನಮ್ಮ ಮನೆಗೆ ಬನ್ನಿ' ಎಂದು ಕರೆದಾಗ ಆ ಮನೆಯೊಳಗೆ ಹೇಗೆ ಹೋಗಬೇಕು, ಹೇಗೆ ಕುಳಿತುಕೊಳ್ಳಬೇಕು, ಹೇಗೆ ಹಿಂದಿರುಗಬೇಕು ಎಂಬುದನ್ನು ಹೇಳಿಕೊಡುವವರು ವಿರಳ. ಇದು ಕ್ಷುಲ್ಲಕವಾದ ವಿಷಯವೆಂದು ಕೆಲವರು ಭಾವಿಸಬಹುದು. ನಮ್ಮ ಅಭಿಪ್ರಾಯವು ಹಾಗಿಲ್ಲ. ಕಾರ್ಖಾನೆಯು ಮನುಷ್ಯನ ಕೈಯನ್ನು ಮಾತ್ರ ಗುರುತಿಸುತ್ತದೆ. ಮನುಷ್ಯನನ್ನು ಗುರುತಿಸುವುದು ಮನೆಯೇ. ಹತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದರೂ ಒಂದು ಹೊಸಿಲನ್ನೂ ದಾಟದೆ ಉಳಿದವನು ಆ ದೇಶದಲ್ಲಿ ಇದ್ದನೆಂದು ಹೇಳಲಾಗದು. ಆ ದೇಶದ ಸಂಬಳವನ್ನು ಎಣಿಸಿದನೆಂದು ಮಾತ್ರ ಹೇಳಬಹುದು.

ಜರ್ಮನಿಯ ಮಟ್ಟಿಗಂತೂ ಈ ಮಾತು ಹೆಚ್ಚು ಸತ್ಯವಾಗಿದೆ. ಅಲ್ಲಿ ದಿನದ ದುಡಿಮೆಯು ಮುಗಿದ ವೇಳೆಗೆ ಒಂದು ಪ್ರತ್ಯೇಕವಾದ ಹೆಸರೇ ಇದೆ: 'ಫೈರಾಬೆಂಡ್' ಎನ್ನುತ್ತಾರೆ. ಆ ಶಬ್ದವು ಮೊದಲು ಹಬ್ಬದ ಹಿಂದಿನ ಸಾಯಂಕಾಲವನ್ನು ಸೂಚಿಸುತ್ತಿತ್ತು. ಆ ವೇಳೆಯಾದೊಡನೆ ಕಚೇರಿಯ ಮಾತು ಕಚೇರಿಯಲ್ಲಿಯೇ ನಿಲ್ಲಬೇಕು. ನಮ್ಮಲ್ಲಿ ಜೊತೆಗಾರನು ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲಿಯೇ 'ಮನೆಗೆ ಚಹಕ್ಕೆ ಬರ್ರಿ' ಎಂದು ಕರೆಯುವುದು ಸಹಜ. ಅಲ್ಲಿ ಅದಕ್ಕೆ ಒಂದೆರಡು ವರ್ಷಗಳೇ ಹಿಡಿಯಬಹುದು. ಆದುದರಿಂದ ಕರೆಯು ಬಂದಾಗ ಅದು ಬರಿಯ ಉಪಚಾರವಲ್ಲ. ತೂಕವುಳ್ಳ ಆ ಕರೆಯನ್ನು ನಮ್ಮವರು ಎಷ್ಟೋ ಸಲ ಅರಿಯದೆಯೇ ಕೈಯಾರೆ ಕಳೆದುಕೊಳ್ಳುತ್ತಾರೆ.

ಧಾರವಾಡದ ಕಡೆಯವರಾದ ನಮ್ಮ ಮಿತ್ರರೊಬ್ಬರು ಸ್ಟುಟ್‌ಗಾರ್ಟ್ ನಗರದ ಸಮೀಪದ ಕಾರ್ಖಾನೆಯೊಂದರಲ್ಲಿ ಇಂಜಿನಿಯರರಾಗಿದ್ದಾರೆ. ರಜೆಯಲ್ಲಿ ಊರಿಗೆ ಬಂದಿದ್ದಾಗ ತಮ್ಮ ಮೊದಲ ಔತಣದ ವೃತ್ತಾಂತವನ್ನು ಅವರು ನಗುತ್ತ ನಮಗೆ ಹೇಳಿದರು. ಅದು ಅವರ ಜೊತೆಗಾರನೊಬ್ಬನ ಹುಟ್ಟುಹಬ್ಬ. ಶನಿವಾರ ಸಾಯಂಕಾಲ ಏಳು ಘಂಟೆಗೆ ಬರಬೇಕೆಂದು ಮೂರು ವಾರ ಮೊದಲೇ ಆಮಂತ್ರಣವು ಬಂದಿತ್ತು. ಬರುತ್ತೀರಾ ಎಂದು ಆತನು ಕೇಳಿದಾಗ ನಮ್ಮ ಮಿತ್ರರು 'ನೋಡೋಣ' ಎಂದರು. ಶುಕ್ರವಾರ ಸಾಯಂಕಾಲ ಕಚೇರಿಯಿಂದ ಹೊರಡುವಾಗ, ನಾಳೆ ಹೇಗೂ ಹುಟ್ಟಿದ ದಿನವಲ್ಲವೆ ಎಂದು ಒಂದು ದಿನ ಮೊದಲೇ ಕೈಕುಲುಕಿ ಶುಭವನ್ನು ಹಾರೈಸಿದರು. ಆತನ ಮುಖವು ಏಕೋ ಸಣ್ಣದಾಯಿತು. ಶನಿವಾರ ಎಂಟೂ ಕಾಲಕ್ಕೆ ಅವರು ಆ ಮನೆಗೆ ತಲುಪಿದಾಗ ಮೇಜಿನ ಸುತ್ತ ಎಲ್ಲರ ಊಟವೂ ಮುಗಿಯುತ್ತ ಬಂದಿತ್ತು. ಒಂದು ಕುರ್ಚಿಯು ಖಾಲಿಯಿತ್ತು. 'ಊಟ ಮಾಡುತ್ತೀರಾ?' ಎಂದು ಗೃಹಿಣಿಯು ಕೇಳಿದಳು. 'ಬೇಡ, ಬೇಡ, ಈಗ ತಾನೆ ಉಂಡು ಬಂದೆ' ಎಂದರು ನಮ್ಮವರು. ಎರಡನೆಯ ಸಲ ಯಾರೂ ಕೇಳಲಿಲ್ಲ. ಕುಡಿಯಲು ಏನು ಬೇಕೆಂದುದಕ್ಕೂ ಅವರು ಬೇಡವೆಂದರು. ಆಮೇಲೆ ಅಲ್ಲಿದ್ದ ಇನ್ನಿಬ್ಬರು ಭಾರತೀಯರೊಂದಿಗೆ ಕಿಟಕಿಯ ಬಳಿ ನಿಂತು, ಊರಿನ ನಿವೇಶನಗಳ ಬೆಲೆಯನ್ನು ಕುರಿತು ಹಿಂದಿಯಲ್ಲಿ ಮಾತನಾಡಿ, ಹತ್ತು ಘಂಟೆಗೆ ಯಾರಿಗೂ ಹೇಳದೆ ಹೊರಬಿದ್ದರು. ಮನೆಗೆ ಬಂದು ಅವಲಕ್ಕಿಯನ್ನು ಕಲಸಿಕೊಂಡು ತಿಂದರು. 'ಆ ಜನಕ್ಕೆ ಉಪಚಾರ ಅನ್ನೋದೇ ಗೊತ್ತಿಲ್ಲ ನೋಡ್ರಿ, ಎಂದು ಅಂದು ರಾತ್ರಿ ನನ್ನ ಹೆಂಡತಿಯ ಮುಂದೆ ಹೇಳಿದ್ದೆ' ಎಂದರು.

ಆ ಮನೆಯವರು ಅಂದು ರಾತ್ರಿ ತಮ್ಮತಮ್ಮೊಳಗೆ ಏನೆಂದುಕೊಂಡಿರಬಹುದು ಎಂಬುದನ್ನು ವಾಚಕರು ಊಹಿಸಬಹುದು. 'ಈ ಮನುಷ್ಯನು ಬರುವೆನೆಂದೂ ಹೇಳಲಿಲ್ಲ, ಬಾರೆನೆಂದೂ ಹೇಳಲಿಲ್ಲ. ನಮ್ಮ ಅನ್ನವನ್ನು ಮುಟ್ಟಲಿಲ್ಲ, ನಮ್ಮೊಡನೆ ಮಾತನಾಡಲಿಲ್ಲ. ಇವನಿಗೆ ನಮ್ಮ ಸಹವಾಸವು ಬೇಕಾಗಿಲ್ಲ' ಎಂದು ಅವರು ತಿಳಿದಿದ್ದರೆ ಅವರದೇನು ತಪ್ಪು? ಎರಡು ಕಡೆಗಳಲ್ಲಿಯೂ ಸದ್ಭಾವವಿತ್ತು. ಆದರೆ ಉಪಚಾರಕ್ಕೂ ಒಂದು ವ್ಯಾಕರಣವಿದೆ. ಮನೆಯೊಡೆಯನು ಮೂರು ಸಲ ಬೇಡಿಕೊಳ್ಳಬೇಕು, ಅತಿಥಿಯು ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲ ಎಲೆಯ ಮುಂದೆ ಕೂಡಬೇಕು ಎಂಬುದು ನಮ್ಮ ವ್ಯಾಕರಣ. ಬೇಡವೆಂದವನ ಮಾತನ್ನು ನಂಬಿ ಸುಮ್ಮನಿರುವುದೇ ಅವನಿಗೆ ತೋರಿಸುವ ಗೌರವವೆಂಬುದು ಅವರ ವ್ಯಾಕರಣ. ನಮ್ಮ 'ನೋಡೋಣ' ಎಂಬುದು ನಯವಾದ ನಿರಾಕರಣೆ. ಅವರಿಗೆ ಅದು ಉತ್ತರವೇ ಅಲ್ಲ. ಎಷ್ಟು ಜನಕ್ಕೆ ಕುರ್ಚಿ, ಎಷ್ಟು ಜನಕ್ಕೆ ಅಡಿಗೆ ಎಂಬುದನ್ನು ಲೆಕ್ಕ ಹಾಕುವ ಗೃಹಿಣಿಗೆ ಬೇಕಾದುದು ಹೌದು ಅಥವಾ ಇಲ್ಲ ಎಂಬ ಒಂದು ಮಾತು. ಹುಟ್ಟಿದ ದಿನಕ್ಕಿಂತ ಮೊದಲು ಶುಭವನ್ನು ಹಾರೈಸುವುದನ್ನು ಜರ್ಮನರು ಅಪಶಕುನವೆಂದು ತಿಳಿಯುತ್ತಾರೆ. ಬೆಕ್ಕು ಅಡ್ಡ ಬಂದರೆ ಹಿಂದಿರುಗುವ ನಾವು ಅದನ್ನು ಕಂಡು ನಗುವ ಅಧಿಕಾರವುಳ್ಳವರಲ್ಲ.

ಇನ್ನು ಕೆಲವು ರೂಢಿಗಳನ್ನು ಇಲ್ಲಿ ಹೇಳಿದರೆ ಹೊರಟು ನಿಂತವರಿಗೆ ಉಪಯೋಗವಾದೀತು. ಊಟಕ್ಕೆ ಕರೆದ ಘಂಟೆಗೇ ಹೋಗಬೇಕು; ಐದು ಹತ್ತು ನಿಮಿಷಗಳಿಗಿಂತ ಹೆಚ್ಚು ತಡವಾಗುವುದಾದರೆ ತಿಳಿಸಬೇಕು; ಮೊದಲೇ ಹೋಗಿ ನಿಲ್ಲುವುದೂ ಸರಿಯಲ್ಲ. ಬರಿಗೈಯಲ್ಲಿ ಹೋಗಲಾಗದು, ಹೂವಿನ ಗೊಂಚಲನ್ನು ಒಯ್ದರೆ ಸುತ್ತಿದ ಕಾಗದವನ್ನು ಬಾಗಿಲಲ್ಲಿಯೇ ಬಿಚ್ಚಿ ಕೊಡಬೇಕು, ಕೆಂಪು ಗುಲಾಬಿಯನ್ನು ಮಾತ್ರ ಒಯ್ಯಬಾರದು, ಅದು ಪ್ರೇಮಿಗಳ ಹೂವು. ಒಳಗೆ ಹೋದ ಮೇಲೆ ಯಾರಾದರೂ ಪರಿಚಯ ಮಾಡಿಸಿಯಾರೆಂದು ಕಾಯದೆ, ಇದ್ದವರೊಬ್ಬೊಬ್ಬರ ಕೈಯನ್ನೂ ಕುಲುಕಿ ತನ್ನ ಹೆಸರನ್ನು ತಾನೇ ಹೇಳಬೇಕು. ಬಟ್ಟಲುಗಳನ್ನು ತಾಗಿಸುವಾಗ ಎದುರಿಗಿದ್ದವರ ಕಣ್ಣುಗಳನ್ನು ನೋಡಬೇಕು. ಸಂಬಳವೆಷ್ಟು, ಮನೆಯ ಬಾಡಿಗೆಯೆಷ್ಟು, ಮಕ್ಕಳೇಕೆ ಆಗಿಲ್ಲ ಎಂಬ ಪ್ರಶ್ನೆಗಳನ್ನು ಊರಲ್ಲಿಯೇ ಬಿಟ್ಟು ಹೋಗಬೇಕು. ಹೊರಡುವಾಗ ಮನೆಯವರಿಗೆ ಹೇಳಿ ಹೊರಡಬೇಕು. ಇವುಗಳಲ್ಲಿ ನಮ್ಮ ಧರ್ಮಕ್ಕಾಗಲಿ ಮಾನಕ್ಕಾಗಲಿ ವಿರೋಧವಾದುದು ಯಾವುದಿದೆ?

ಆದರೆ ನಮ್ಮವರನ್ನು ಹಿಂಜರಿಸುವ ಮುಖ್ಯವಾದ ಭಯವು ಬೇರೆಯೇ ಇದೆ; ಅದು ಅನ್ನಪಾನಗಳ ಭಯ. ಅಲ್ಲಿ ಮಾಂಸವಿರುತ್ತದೆ, ಮದ್ಯವಿರುತ್ತದೆ. ತಿನ್ನದಿದ್ದರೆ ಅವಮಾನ ಮಾಡಿದಂತೆ, ತಿಂದರೆ ವ್ರತಭಂಗವಾದಂತೆ. ಆದುದರಿಂದ ಹೋಗದಿರುವುದೇ ಲೇಸು ಎಂದು ಒಂದು ಪಕ್ಷದವರು ಮನೆಯಲ್ಲಿ ಕುಳಿತುಬಿಡುತ್ತಾರೆ. ಇನ್ನೊಂದು ಪಕ್ಷದವರು ತಮಗೆ ಬೇಡವಾದುದನ್ನು ಕೂಡ, ಹಳ್ಳಿಗರೆಂದು ನಕ್ಕಾರೆಂಬ ನಾಚಿಕೆಯಿಂದ, ಬಲವಂತವಾಗಿ ನುಂಗುತ್ತಾರೆ. ಎರಡೂ ಹೇಡಿತನವೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಸಾವಿರ ಪಂಕ್ತಿಗಳನ್ನು ಕಂಡು ಆಡಿದ ಮಾತಿದೆಯಲ್ಲ, ಅದರಲ್ಲಿ ಪರದೇಶದ ಅತಿಥಿಗೆ ಬೇಕಾದ ನೀತಿಯೆಲ್ಲವೂ ಅಡಗಿದೆ. ನಡೆ, ಉಡುಗೆ, ವೇಳೆ, ವಂದನೆ, ಇವು ನೋಟಕ್ಕೆ ಸೇರಿದವು. ಅವುಗಳಲ್ಲಿ ಆ ಮನೆಯ ಇಚ್ಛೆಯಂತೆ ನಡೆಯಬೇಕು. ಬಾಯಿಗೆ ಹೋಗುವುದು ತನ್ನಿಚ್ಛೆಗೆ ಸೇರಿದುದು. ಆಮಂತ್ರಣವು ಬಂದ ದಿನವೇ, ತಾನು ಇಂಥದನ್ನು ಉಣ್ಣುವುದಿಲ್ಲವೆಂದು ಒಂದು ಮಾತಿನಲ್ಲಿ ತಿಳಿಸಿದರೆ ಗೃಹಿಣಿಗೆ ಅನುಕೂಲವೇ ಆಗುವುದು. ಸೇಬಿನ ರಸಕ್ಕೆ ಸೋಡಾ ನೀರನ್ನು ಬೆರಸಿದ ಪಾನಕವು ಅಲ್ಲಿ ಪ್ರತಿಯೊಂದು ಮನೆಯಲ್ಲಿಯೂ ದೊರೆಯುತ್ತದೆ. ಅದನ್ನು ಹಿಡಿದವನನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಶಾಕಾಹಾರವು ಆ ಜನರಿಗೆ ಹೊಸ ಮಾತೂ ಅಲ್ಲ: ನೋರ್ಡ್‌ಹೌಸನ್ ಎಂಬ ಊರಿನಲ್ಲಿ ಎಡ್ವರ್ಡ್ ಬಾಲ್ಟ್ಸರ್ ಎಂಬ ಧರ್ಮಬೋಧಕನು ಜರ್ಮನಿಯ ಮೊದಲ ಶಾಕಾಹಾರಿಗಳ ಸಂಘವನ್ನು ಸ್ಥಾಪಿಸಿದುದು ೧೮೬೭ರಲ್ಲಿ; ಎಂದರೆ ಗಾಂಧಿಯವರು ಹುಟ್ಟುವುದಕ್ಕೂ ಎರಡು ವರ್ಷ ಮೊದಲು.

ಗಾಂಧಿಯವರ ಹೆಸರನ್ನು ಎತ್ತಿದ ಮೇಲೆ, ಪರದೇಶದ ಮನೆಗಳಲ್ಲಿ ಅತಿಥಿಗಳಾಗಿ ಅವರು ಕಲಿತ ಪಾಠಗಳನ್ನು ಸ್ಮರಿಸದೆ ಮುಂದೆ ಹೋಗಲಾಗದು. ಲಂಡನ್ ನಗರಕ್ಕೆ ಹೋದ ಮೊದಮೊದಲಲ್ಲಿ ಅವರೂ ನೋಟದ ಮೋಹಕ್ಕೆ ಸಿಕ್ಕಿದವರೇ. ಹತ್ತೊಂಬತ್ತು ಶಿಲ್ಲಿಂಗಿನ ಎತ್ತರವಾದ ಟೊಪ್ಪಿಗೆ, ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ ಹತ್ತು ಪೌಂಡಿನ ಉಡುಪು, ನಾಟ್ಯದ ಪಾಠ, ಪಿಟೀಲಿನ ಪಾಠ, ಎಲ್ಲವೂ ಆದವು. ಕೆಲವು ತಿಂಗಳುಗಳಲ್ಲಿ, ತಾನು ವಿದ್ಯೆಗೆಂದು ಬಂದವನು ಎಂಬ ಎಚ್ಚರವು ಹುಟ್ಟಿ ಅದೆಲ್ಲವನ್ನೂ ಬಿಟ್ಟರು. ಆದರೆ ಅದಕ್ಕಿಂತ ಹೆಚ್ಚಿನ ಪರೀಕ್ಷೆಯು ಮನೆಯೊಂದರಲ್ಲಿ ಕಾದಿತ್ತು. ಬ್ರೈಟನ್ ಎಂಬಲ್ಲಿ ಪರಿಚಿತಳಾದ ವೃದ್ಧೆಯೊಬ್ಬಳು ಲಂಡನ್ನಿನ ತನ್ನ ಮನೆಗೆ ಪ್ರತಿ ಆದಿತ್ಯವಾರವೂ ಅವರನ್ನು ಊಟಕ್ಕೆ ಕರೆಯುತ್ತಿದ್ದಳು. ತರುಣಿಯರೊಡನೆ ಮಾತನಾಡಿಸಿ ಅವರ ಸಂಕೋಚವನ್ನು ಬಿಡಿಸುತ್ತಿದ್ದಳು. ಆಗ ಇಂಗ್ಲೆಂಡಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ತಮಗೆ ಮದುವೆಯಾಗಿದೆ ಎಂಬುದನ್ನು ಮುಚ್ಚಿಡುವುದು ರೂಢಿಯಾಗಿತ್ತು, ಗಾಂಧಿಯವರೂ ಮುಚ್ಚಿಟ್ಟಿದ್ದರು. ಆ ಮನೆಯ ಅನ್ನವನ್ನುಣ್ಣುತ್ತ ಅಸತ್ಯವನ್ನು ಸಾಗಿಸಲಾರದೆ, ಕೊನೆಗೆ ತನಗೆ ಮದುವೆಯಾಗಿದೆ, ಮಗನೂ ಇದ್ದಾನೆ ಎಂದು ಅವರು ಆಕೆಗೆ ಪತ್ರವನ್ನು ಬರೆದರು. ಆಕೆಯು ಸಿಟ್ಟಾಗಲಿಲ್ಲ; ಆದಿತ್ಯವಾರದ ಊಟವನ್ನು ತಪ್ಪಿಸಕೂಡದೆಂದು ಉತ್ತರ ಬರೆದಳು. ಸತ್ಯವನ್ನು ಹೇಳಿದುದರಿಂದ ಮುಚ್ಚಿಕೊಂಡ ಹೊಸಿಲು ಯಾವುದೂ ಇಲ್ಲವೆಂಬುದು ಅವರು ಕಲಿತ ಮೊದಲನೆಯ ಪಾಠ.

ಎರಡನೆಯದು ಡರ್ಬನ್ ನಗರದ್ದು. ಅಲ್ಲಿ ವಕೀಲಿಯನ್ನು ಮಾಡುತ್ತಿದ್ದಾಗ ಒಂದು ಕ್ರೈಸ್ತ ಕುಟುಂಬದವರು ಅವರನ್ನು ಆದಿತ್ಯವಾರಗಳಲ್ಲಿ ಊಟಕ್ಕೆ ಕರೆಯುತ್ತಿದ್ದರು. ಆ ಮನೆಯಲ್ಲಿ ಐದು ವರ್ಷದ ಮಗುವಿತ್ತು. ಗಾಂಧಿಯವರು ಮಗುವಿನೊಡನೆ ಆಡುತ್ತ ಅದರ ತಟ್ಟೆಯಲ್ಲಿದ್ದ ಮಾಂಸವನ್ನು ಹಳಿದು, ತಮ್ಮ ತಟ್ಟೆಯಲ್ಲಿದ್ದ ಸೇಬನ್ನು ಹೊಗಳಿದರು. ಮಗುವು ಮರುದಿನದಿಂದ ಹಣ್ಣನ್ನು ಕೇಳತೊಡಗಿತು. ಮುಂದಿನ ವಾರ ತಾಯಿಯು ಸಂಕೋಚದಿಂದಲೇ, ಆದರೆ ಸ್ಪಷ್ಟವಾಗಿ, ಈ ಸಹವಾಸವು ತನ್ನ ಮಗನಿಗೆ ಒಳ್ಳೆಯದಾಗುತ್ತಿಲ್ಲವೆಂದು ಹೇಳಿದಳು. ಗಾಂಧಿಯವರು ಅದನ್ನು ಒಪ್ಪಿ, ಆ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಸ್ನೇಹವು ಮಾತ್ರ ಮುರಿಯಲಿಲ್ಲ. ತನ್ನ ವ್ರತವನ್ನು ಕಾಯುವುದು ಅತಿಥಿಯ ಹಕ್ಕು. ಮನೆಯವರ ತಟ್ಟೆಯನ್ನು ಜರೆಯುವುದು ಅತಿಥಿಯ ಹಕ್ಕಲ್ಲ. ಮಹಾತ್ಮರಾಗುವವರೇ ಈ ಪಾಠವನ್ನು ಎಡವಿ ಕಲಿತರೆಂದ ಮೇಲೆ ನಮ್ಮ ತರುಣರು ಎಡವಿದರೆ ಅದರಲ್ಲಿ ಅವಮಾನವಿಲ್ಲ. ಎಡವಿದಲ್ಲಿಯೇ ಕುಳಿತುಬಿಡುವುದರಲ್ಲಿ ಮಾತ್ರ ಅವಮಾನವಿದೆ.

ಕುಳಿತುಬಿಡುವವರಿಗೆ ಆಶ್ರಯವಾಗಿರುವುದು ನಮ್ಮವರದೇ ಕೂಟ. ಮ್ಯೂನಿಕ್, ಫ್ರಾಂಕ್‌ಫರ್ಟ್ ಮೊದಲಾದ ನಗರಗಳಲ್ಲಿ ಕನ್ನಡಿಗರು ಒಂದುಗೂಡಿ ರಾಜ್ಯೋತ್ಸವ, ಯುಗಾದಿಗಳನ್ನು ಆಚರಿಸುತ್ತಿರುವುದು ಅಭಿಮಾನದ ಸಂಗತಿಯೇ. ಪರಸ್ಥಳದಲ್ಲಿ ತಾಯ್ನುಡಿಯು ಕಿವಿಗೆ ಬಿದ್ದಾಗ ಆಗುವ ಸಂತೋಷವನ್ನು ಯಾರು ಅಲ್ಲಗಳೆಯುವರು? ಆದರೆ ವಾರ ವಾರವೂ ಅದೇ ನಾಲ್ಕು ಮನೆಗಳು, ಅದೇ ಬಿಸಿಬೇಳೆಭಾತು, ಅದೇ ಊರಿನ ರಾಜಕಾರಣ, ಅದೇ ಸಿನೆಮಾ ಎಂದಾದರೆ ಆ ಕೂಟವು ಕ್ರಮೇಣ ಗೋಡೆಯಾಗುತ್ತದೆ. ಗೋಡೆಯೊಳಗೆ ಮತ್ತೆ ಗೋಡೆಗಳು ಏಳುತ್ತವೆ: ಉತ್ತರದವರು, ದಕ್ಷಿಣದವರು, ಈ ಜಾತಿಯವರು, ಆ ಪಂಗಡದವರು. ಊರಲ್ಲಿ ಪಂಕ್ತಿಭೇದವನ್ನು ಮುರಿಯಬೇಕೆಂದು ನಮ್ಮ ಹಿರಿಯರು ಎಷ್ಟು ಸಂಕಟಪಟ್ಟರು! ಅದನ್ನೇ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಿ ರೈನ್ ನದಿಯ ದಂಡೆಯಲ್ಲಿ ಬಿಚ್ಚುವುದಾದರೆ ಸಮುದ್ರವನ್ನು ದಾಟಿದ ಫಲವೇನು? ದೇಶ ಸುತ್ತು, ಕೋಶ ಓದು ಎಂದರು. ದೇಶವನ್ನು ಸುತ್ತುವುದೆಂದರೆ ರೈಲಿನಲ್ಲಿ ಕುಳಿತು ಕಿಟಕಿಯಿಂದ ನೋಡುವುದಲ್ಲ.

ನಮ್ಮ ಮಿತ್ರರೂ ಆ ಮೊದಲ ಔತಣದ ತರುವಾಯ ಎರಡು ವರ್ಷ ಈ ಗೋಡೆಯೊಳಗೆಯೇ ಇದ್ದರು. ಅವರ ಮನೆಯು ದೊಡ್ಡ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದೆ. ಅಲ್ಲಿ ರಾತ್ರಿ ಹತ್ತು ಘಂಟೆಯಿಂದ ಬೆಳಗಿನ ಆರು ಘಂಟೆಯವರೆಗೆ ನಿಶ್ಶಬ್ದದ ವೇಳೆ; ಆದಿತ್ಯವಾರವೆಲ್ಲ ಶಾಂತಿಯ ದಿನ. ಒಂದು ಶನಿವಾರ ನಡುರಾತ್ರಿಯವರೆಗೆ ಮಿತ್ರಮಂಡಲಿಯ ಹಾಡು, ನಗು, ಮಕ್ಕಳ ಓಟ ನಡೆದಿದ್ದಾಗ ಕೆಳಗಿನ ಮನೆಯ ವೃದ್ಧೆಯು ಬಂದು ಬಾಗಿಲನ್ನು ತಟ್ಟಿದಳು. 'ನೀವು ಒಂದು ಮಾತು ಮೊದಲೇ ತಿಳಿಸಬಹುದಿತ್ತು' ಎಂದಷ್ಟೇ ಹೇಳಿ ಇಳಿದುಹೋದಳು. ವರ್ಣದ್ವೇಷವೆಂದು ಎಲ್ಲರೂ ತೀರ್ಪು ಕೊಟ್ಟರು. ವರ್ಣದ್ವೇಷವು ಆ ದೇಶದಲ್ಲಿಲ್ಲವೆಂದು ನಾವು ಹೇಳುವುದಿಲ್ಲ. ೨೦೨೦ನೆಯ ಫೆಬ್ರುವರಿ ೧೯ರಂದು ಹಾನೌ ನಗರದಲ್ಲಿ ಒಬ್ಬ ವರ್ಣದ್ವೇಷಿಯು ವಲಸೆ ಬಂದ ಕುಟುಂಬಗಳಿಗೆ ಸೇರಿದವರನ್ನೇ ಹುಡುಕಿ ಗುಂಡಿಕ್ಕಿ ಒಂಬತ್ತು ಜನರನ್ನು ಕೊಂದುದನ್ನು ಮರೆಯುವಂತಿಲ್ಲ. ಅಂತಹ ದ್ವೇಷವನ್ನು ಎದುರಿಸಬೇಕು, ಸಹಿಸಬಾರದು. ಆದರೆ ನಿದ್ದೆಗೆಟ್ಟ ಮುದುಕಿಯ ದೂರನ್ನು ಅದರೊಡನೆ ಒಂದೇ ತಕ್ಕಡಿಯಲ್ಲಿ ತೂಗಿದರೆ ನಿಜವಾದ ಅನ್ಯಾಯದ ತೂಕವೇ ಕಡಿಮೆಯಾಗುತ್ತದೆ.

ಮಿತ್ರರ ಪತ್ನಿಗೆ ಈ ವಿವೇಕವು ಮೊದಲು ಹೊಳೆಯಿತು. ಆ ವರ್ಷದ ಯುಗಾದಿಗೆ ಆಕೆಯು ಮಹಡಿಯ ಮೆಟ್ಟಿಲ ಬಳಿ ಜರ್ಮನ್ ಭಾಷೆಯಲ್ಲಿ ಒಂದು ಚೀಟಿಯನ್ನು ಅಂಟಿಸಿದಳು: ಶನಿವಾರ ನಮ್ಮ ಹೊಸ ವರುಷದ ಹಬ್ಬ, ಮನೆಯಲ್ಲಿ ಗದ್ದಲವಾದೀತು, ಕ್ಷಮಿಸಬೇಕು, ಕಟ್ಟಡದವರೆಲ್ಲರೂ ಮಧ್ಯಾಹ್ನ ಮೂರು ಘಂಟೆಗೆ ಕಾಫಿಗೆ ಬರಬೇಕು. ಈ ವೇಳೆಯನ್ನು ಆಕೆಯು ತಿಳಿದೇ ಆರಿಸಿದ್ದಳು. ರಜೆಯ ದಿನ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಕಾಫಿಯನ್ನು ಕುಡಿದು ಕೇಕನ್ನು ತಿನ್ನುತ್ತ ಬಂಧುಮಿತ್ರರೊಡನೆ ಕುಳಿತುಕೊಳ್ಳುವುದು ಜರ್ಮನರ ಹಳೆಯ ಪದ್ಧತಿ. ಮದ್ಯದ ಪ್ರಸಂಗವೇ ಅಲ್ಲಿ ಬಾರದು. ಸರಿಯಾಗಿ ಮೂರು ಘಂಟೆಗೆ ಆರು ಜನರು ಬಾಗಿಲಲ್ಲಿ ನಿಂತಿದ್ದರು. ನಮ್ಮ ಮಿತ್ರರು ಆಗಿನ್ನೂ ಅಂಗಿಯ ಗುಂಡಿಯನ್ನು ಹಾಕಿಕೊಳ್ಳುತ್ತಿದ್ದರಂತೆ. ಊರಿನಿಂದ ತಾಯಿಯವರು ಕಳಿಸಿದ್ದ ಒಣಗಿದ ಬೇವಿನ ಹೂವನ್ನು ಬೆಲ್ಲದೊಡನೆ ಕೊಟ್ಟು, ಸಿಹಿಕಹಿಗಳೆರಡನ್ನೂ ಒಟ್ಟಿಗೆ ತಿಂದು ವರುಷವನ್ನು ಆರಂಭಿಸುವುದು ನಮ್ಮ ರೂಢಿಯೆಂದು ಹೇಳಿದಾಗ ಎಲ್ಲರೂ ಮುಖವನ್ನು ಕಿವಿಚಿಕೊಂಡು ತಿಂದು ನಕ್ಕರು. ಆಮೇಲೆ ಹೋಳಿಗೆ, ಕೋಸಂಬರಿ, ಕಾಫಿ. ಕೆಳಗಿನ ಮನೆಯ ವೃದ್ಧೆಯು ಕೊನೆಗೆ ಬಂದಳು. ಆಕೆಯ ಕೈಯಲ್ಲಿ ಒಂದು ಸಣ್ಣ ಬ್ರೆಡ್ಡು, ಕಾಗದದ ಪೊಟ್ಟಣದಲ್ಲಿ ಸ್ವಲ್ಪ ಉಪ್ಪು ಇದ್ದವು. ಹೊಸ ಮನೆಗೆ ಬಂದವರಿಗೆ, ಅನ್ನಕ್ಕೂ ರುಚಿಗೂ ಕೊರತೆಯಾಗದಿರಲೆಂದು ಬ್ರೆಡ್ಡು-ಉಪ್ಪುಗಳನ್ನು ಕೊಡುವುದು ಅವರ ಸಂಪ್ರದಾಯ. 'ನೀವು ಬಂದ ದಿನವೇ ಇದನ್ನು ಕೊಡಬೇಕಾಗಿತ್ತು. ಎರಡು ವರ್ಷ ತಡವಾಯಿತು' ಎಂದಳಂತೆ.

ಅದೇ ವರ್ಷದ ಅಕ್ಟೋಬರದಲ್ಲಿ ಒಂದು ನಡುರಾತ್ರಿ ಮಿತ್ರರ ಪತ್ನಿಗೆ ದಿನ ತುಂಬುವ ಮೊದಲೇ ಹೆರಿಗೆಯ ಬೇನೆಯು ಆರಂಭವಾಯಿತು. ಆಸ್ಪತ್ರೆಯ ಗಾಡಿಯು ಬಂದು ನಿಂತಿತು. ನಾಲ್ಕು ವರ್ಷದ ಹಿರಿಯ ಮಗಳು ಅಳುತ್ತಿದ್ದಳು. ಕೂಟದ ಮಿತ್ರರಿದ್ದುದು ಊರಿನ ಇನ್ನೊಂದು ತುದಿಯಲ್ಲಿ. ಮಿತ್ರರು ಕೆಳಗಿನ ಮನೆಯ ಘಂಟೆಯನ್ನು ಒತ್ತಿದರು. ಹಿಂದೊಮ್ಮೆ ದೂರು ಹೇಳಲು ಮೇಲೆ ಬಂದಿದ್ದ ಆ ವೃದ್ಧೆಯು ಒಂದು ಮಾತನ್ನೂ ಆಡದೆ ಮಗುವನ್ನು ಎತ್ತಿಕೊಂಡಳು. ಬೆಳಗ್ಗೆ, ತಾಯಿಯೂ ಹಸುಗೂಸೂ ಕ್ಷೇಮವೆಂಬ ಸುದ್ದಿಯೊಡನೆ ಮಿತ್ರರು ಹಿಂದಿರುಗಿದಾಗ ಮಗಳು ಆಕೆಯ ಅಡಿಗೆಮನೆಯಲ್ಲಿ ಕುಳಿತು ಬ್ರೆಡ್ಡಿಗೆ ಜಾಮನ್ನು ಸವರಿಕೊಳ್ಳುತ್ತಿದ್ದಳು. ಜರ್ಮನ್ ಭಾಷೆಯಲ್ಲಿಯೂ ನಮ್ಮಂತೆಯೇ 'ನೀನು', 'ನೀವು' ಎಂಬ ಭೇದವಿದೆ. ಇಂಗ್ಲಿಷಿನಲ್ಲಿ ಅದು ಅಳಿದುಹೋಗಿದೆ. 'ನೀವು' ಎನ್ನುವವರು 'ನೀನು' ಎನ್ನಬೇಕಾದರೆ ವಯಸ್ಸಿನಲ್ಲಿ ಹಿರಿಯರಾದವರು ತಾವಾಗಿ ಹೇಳಬೇಕು, ಕಿರಿಯರು ಕೇಳುವಂತಿಲ್ಲ. ಅಂದು ಬೆಳಗ್ಗೆ ಆ ವೃದ್ಧೆಯು ನಮ್ಮ ಮಿತ್ರರಿಗೆ 'ನೀನು ಮೊದಲು ಸ್ವಲ್ಪ ಮಲಗು' ಎಂದಳು. 'ಆ ದೇಶದೊಳಗ ನನಗ ಮನಿ ಸಿಕ್ಕಿದ್ದು ಅವತ್ತು' ಎಂದು ಹೇಳುವಾಗ ಮಿತ್ರರ ಧ್ವನಿಯು ಸ್ವಲ್ಪ ಒಡೆಯಿತು.

ಇಲ್ಲಿ ನಮ್ಮ ನಾಡಿನ ಒಂದು ಹಳೆಯ ಋಣವು ನೆನಪಿಗೆ ಬರುತ್ತದೆ. ಸ್ಟುಟ್‌ಗಾರ್ಟ್ ನಗರದ ಸುತ್ತಣ ಅದೇ ಸೀಮೆಯ ಬ್ರಾಕನ್‌ಹೈಮ್ ಎಂಬಲ್ಲಿ ೧೮೧೧ರಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ವೃತ್ತಪತ್ರಿಕೆಗಳ ವಂಶವು ಅಲ್ಲಿಂದ ಆರಂಭವಾಗುತ್ತದೆ. ೧೮೫೩ರಲ್ಲಿ ನಮ್ಮಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲನು ೧೮೯೪ರಲ್ಲಿ ಕನ್ನಡದ ಮಹಾನಿಘಂಟನ್ನು ಪ್ರಕಟಿಸಿ, ೧೯೦೩ರಲ್ಲಿ ಅದೇ ಸೀಮೆಯ ಟ್ಯೂಬಿಂಗನ್ ನಗರದಲ್ಲಿ ತೀರಿಕೊಂಡನು. ಇವರು ಬಂದುದು ಮತಪ್ರಚಾರಕ್ಕೆಂಬುದನ್ನು ನಾವು ಮರೆತಿಲ್ಲ. ಆದರೂ ನಿಘಂಟು ಎಂಬುದು ಗ್ರಂಥಾಲಯದಲ್ಲಿ ಒಬ್ಬನೇ ಕುಳಿತು ಕಟ್ಟುವ ವಸ್ತುವಲ್ಲ. ಜನರ ಮಾತನ್ನು ಜನರ ನಡುವೆ ಕುಳಿತು ಕೇಳಿದವನಿಗೆ ಮಾತ್ರ ಅದು ಸಾಧ್ಯ. ನಮ್ಮ ಹಿರಿಯರ ಜಗಲಿಗಳಲ್ಲಿ ಅವರಿಗೆ ಸ್ಥಳವು ದೊರೆಯದಿದ್ದರೆ, ಆ ಜಗಲಿಗಳನ್ನು ಏರುವ ಮನಸ್ಸು ಅವರಿಗಿಲ್ಲದಿದ್ದರೆ, ಕನ್ನಡಕ್ಕೆ ಆ ನಿಘಂಟು ದೊರೆಯುತ್ತಿರಲಿಲ್ಲ. ಅವರ ನಾಡಿಗೆ ಇಂದು ಹೋಗುತ್ತಿರುವ ನಮ್ಮವರು ಅವರ ಭಾಷೆಯನ್ನು ಕಚೇರಿಗೆ ಬೇಕಾಗುವಷ್ಟಕ್ಕೆ ಕಲಿತು ನಿಲ್ಲಿಸಬಾರದು. ಕಾಫಿಯ ಮೇಜಿನ ಮುಂದೆ ನಗುವಷ್ಟಾದರೂ, ನೆರೆಯವಳ ಮಂಡಿನೋವನ್ನು ವಿಚಾರಿಸುವಷ್ಟಾದರೂ ಕಲಿಯಬೇಕು.

ಇಷ್ಟು ಹೇಳಿ ಮುಗಿಸಿದರೆ ಪರರಿಗೆ ಬುದ್ಧಿ ಹೇಳಿ ನಾವು ತಪ್ಪಿಸಿಕೊಂಡಂತಾದೀತು. ಅತಿಥಿಧರ್ಮವನ್ನು ಕಲಿಯುವ ಮೊದಲನೆಯ ಶಾಲೆಯು ಸ್ವದೇಶವೇ. ಬೆಂಗಳೂರಿನ ನಮ್ಮ ಕಚೇರಿಗಳಲ್ಲಿ ಜರ್ಮನರಿದ್ದಾರೆ, ಜಪಾನಿನವರಿದ್ದಾರೆ. ನಮ್ಮ ಬೀದಿಗಳಲ್ಲಿಯೇ ಮಣಿಪುರದ ವಿದ್ಯಾರ್ಥಿಗಳಿದ್ದಾರೆ, ಬಿಹಾರ ಒರಿಸ್ಸಗಳಿಂದ ದುಡಿಯಲು ಬಂದವರಿದ್ದಾರೆ. ಅವರ ಪಾಲಿಗೆ ನಾವೇ ಪರದೇಶದವರು. ಅವರಲ್ಲಿ ಎಷ್ಟು ಜನರು ಕನ್ನಡಿಗನೊಬ್ಬನ ಮನೆಯ ಹೊಸಿಲನ್ನು ದಾಟಿದ್ದಾರೆ? ಮನೆಯನ್ನು ಬಾಡಿಗೆಗೆ ಕೇಳಲು ಬಂದವನಿಗೆ ಜಾತಿಯನ್ನೂ ಊಟವನ್ನೂ ಮೊದಲು ವಿಚಾರಿಸುವ ನಾವು, ಸ್ಟುಟ್‌ಗಾರ್ಟಿನವರು ನಮ್ಮ ಹುಡುಗರನ್ನು ಕರೆಯಲು ಎರಡು ವರ್ಷ ಹಿಡಿದರೆಂದು ಯಾವ ಮುಖದಿಂದ ಆಕ್ಷೇಪಿಸಬಲ್ಲೆವು? ಇವರು ಕನ್ನಡವನ್ನು ಕಲಿಯುವುದಿಲ್ಲವೆಂದು ದೂರುತ್ತೇವೆ. ಕಲಿಯಬೇಕೆಂಬುದು ಸರಿಯಾದ ಮಾತೇ. ಆದರೆ ಭಾಷೆಯು ಬೀದಿಯ ಫಲಕದಿಂದ ಬರುವುದಕ್ಕಿಂತ ಬೇಗನೆ ಪಂಕ್ತಿಯಿಂದ ಬರುತ್ತದೆ.

ರಾಷ್ಟ್ರದ ಕೀರ್ತಿಯನ್ನು ಕಾಯುವ ಹೊಣೆಯು ರಾಯಭಾರಿಗಳದೆಂದು ನಾವು ತಿಳಿಯುತ್ತೇವೆ. ರಾಯಭಾರಿಯ ಔತಣಕ್ಕೆ ಹೋಗುವವರು ಎಷ್ಟು ಜನ? ಸಾವಿರಾರು ಸಾಮಾನ್ಯರ ಮನೆಗಳಲ್ಲಿ ಶನಿವಾರ ಸಾಯಂಕಾಲ ಏಳು ಘಂಟೆಗೆ ಬಾಗಿಲನ್ನು ತಟ್ಟುವ ಅನಾಮಿಕ ಇಂಜಿನಿಯರನೇ, ದಾದಿಯೇ, ವಿದ್ಯಾರ್ಥಿಯೇ ಭಾರತದ ನಿಜವಾದ ರಾಯಭಾರಿ. ಹೊರಟು ನಿಂತ ತರುಣರಿಗೆ ನಮ್ಮ ಮಾತು ಇಷ್ಟೇ: ಕರೆದರೆ ಹೋಗಿರಿ, ಹೇಳಿದ ವೇಳೆಗೆ ಹೋಗಿರಿ, ಉಣ್ಣುವುದನ್ನು ಉಣ್ಣುವೆನೆಂದೂ ಉಣ್ಣದುದನ್ನು ಒಲ್ಲೆನೆಂದೂ ನಾಚದೆ ಹೇಳಿರಿ, ತಿರುಗಿ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಒಂದು ಹಿಡಿ ಬೇವಿನ ಹೂವಿಗೂ ಸ್ಥಳವಿರಲಿ. ಬೆಲ್ಲಕ್ಕೆ ಬದಲಾಗಿ ಸಕ್ಕರೆಯಾದರೂ ಅಲ್ಲಿ ದೊರೆಯುತ್ತದೆ.